ನಮ್ಮ ಹೊಲದ ದಾಖಲೆಗೆ ನಾವೇ ಹೊಣೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಭಾಗದ ಸದ್ಭಕ್ತರಲ್ಲಿ ಅನೇಕರು ಒಕ್ಕಲುತನವನ್ನೇ ಕಾಯಕವಾಗಿ ನಂಬಿದವರು. ಹೊಲದಲ್ಲಿ ಮೆಣಸಿನಕಾಯಿ ಇದ್ದು, ಸರ್ಕಾರದ ದಾಖಲೆಯಲ್ಲಿ ಗೋವಿನಜೋಳವೆಂದಿದ್ದರೆ ಬೆಳೆ ವಿಮೆಯ ಹಣಕ್ಕೆ ಅಡ್ಡಿಯಾಗುತ್ತದೆ. ಬೆಂಬಲ ಬೆಲೆಯ ಖರೀದಿಗೂ ಬೆಳೆಹಾನಿಯ ಪರಿಹಾರಕ್ಕೂ ಇದೇ ದಾಖಲೆ ಆಧಾರ. ಆದುದರಿಂದ ಅದು ಸರಿಯಾಗಿರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.

2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರವು ರೈತರೇ ತಮ್ಮ ಬೆಳೆಯ ವಿವರವನ್ನು ಮೊಬೈಲ್ ಆ್ಯಪ್ ಮೂಲಕ ದಾಖಲಿಸುವ ಕಾರ್ಯಕ್ಕೆ ವ್ಯಾಪಕ ಚಾಲನೆ ನೀಡಿತು. ರೈತರು ಸಮೀಕ್ಷೆಯ ಅವಧಿಯೊಳಗೆ ತಮ್ಮ ಸರ್ವೆ ನಂಬರಿನ ಹೊಲದಲ್ಲಿಯೇ ನಿಂತು ಬೆಳೆಯ ಹೆಸರು ಮತ್ತು ವಿಸ್ತೀರ್ಣವನ್ನು ತುಂಬಿ, ಛಾಯಾಚಿತ್ರ ತೆಗೆದು ಕಳುಹಿಸಬೇಕು. ಮೆಣಸಿನಕಾಯಿಯೊಡನೆ ಹತ್ತಿ, ಉಳ್ಳಾಗಡ್ಡಿಗಳನ್ನು ಹಾಕಿದ್ದರೆ ಒಂದನ್ನೇ ಬರೆದು ಬಿಡದೆ ಎಲ್ಲವನ್ನೂ ನಮೂದಿಸುವುದು ಲೇಸು.

ರೈತರು ತುಂಬಿದ ಮಾತ್ರಕ್ಕೆ ದಾಖಲೆ ಅಂತಿಮವಾಗದು; ಮೇಲ್ವಿಚಾರಕರು ಛಾಯಾಚಿತ್ರದೊಡನೆ ಹೋಲಿಸಿ ಅನುಮೋದಿಸುತ್ತಾರೆ. ರೈತರು ಮಾಡದೆ ಬಿಟ್ಟ ಹೊಲಗಳ ಸಮೀಕ್ಷೆಯನ್ನು ಗ್ರಾಮಕ್ಕೆ ನೇಮಿಸಿದ ಖಾಸಗಿ ನಿವಾಸಿಗಳು ಕೈಗೊಳ್ಳುತ್ತಾರೆ. ದಾಖಲಾದ ಬೆಳೆ ಯಾವುದೆಂಬುದನ್ನು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನೋಡಬಹುದು; ತಪ್ಪಿದ್ದರೆ ನಿಗದಿತ ಅವಧಿಯೊಳಗೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಬಹುದು. ಕಟಾವಾದ ಮೇಲೆ ಹೊಲವೇ ಸಾಕ್ಷಿ ನುಡಿಯಲಾರದು. ಆದುದರಿಂದ ವಿಳಂಬ ಸಲ್ಲದು.

ಮೊಬೈಲ್ ಬಳಕೆ ತಿಳಿಯದ ಹಿರಿಯರು, ಒಂಟಿಯಾಗಿ ಬೇಸಾಯ ನಡೆಸುವ ತಾಯಂದಿರು ಪ್ರತಿ ಊರಿನಲ್ಲಿಯೂ ಇದ್ದಾರೆ. ಬಲ್ಲ ಯುವಕರು ಅವರ ಹೊಲಕ್ಕೆ ತೆರಳಿ ನೆರವಾಗಲಿ. ಇದೂ ದಾಸೋಹವೇ ಎಂದು ನಾವು ಭಾವಿಸುತ್ತೇವೆ.