ಹುಲಿಗೆ ಹೊಟ್ಟೆ, ಕುರಿಗೆ ತಲೆ

ಐಹೊಳೆಗೆ ಹೋದವರ ಕತ್ತು ಸಾಮಾನ್ಯವಾಗಿ ಮೇಲಕ್ಕೇ ತಿರುಗಿರುತ್ತದೆ. ದುರ್ಗ ಗುಡಿಯ ಗಜಪೃಷ್ಠ, ಕಂಬದ ಮಿಥುನಗಳು, ಮೇಗುಟಿ ಬೆಟ್ಟದ ಮೇಲೆ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನ. ನಾನು ಮಾತ್ರ ಈ ಸಲ ನೆಲ ನೋಡಿಕೊಂಡೇ ಓಡಾಡಿದೆ. ಜಗಲಿಯ ಅಂಚು, ಕಕ್ಷಾಸನದ ಮೂಲೆ, ಮೆಟ್ಟಿಲ ಪಕ್ಕದ ಹಾಸುಗಲ್ಲು. ಅಲ್ಲಲ್ಲಿ ಯಾರೋ ಕೂತು ಗೀರಿದ ಆಟದ ಮನೆಗಳಿವೆ. ಐದಕ್ಕೈದು ಚೌಕ, ಎದುರುಬದುರು ಎರಡು ಸಾಲು ಗುಳಿ, ಅಡ್ಡಗೆರೆ ಎಳೆದ ತ್ರಿಕೋನ. ಕೆಲವು ಎಷ್ಟು ಸವೆದಿವೆಯೆಂದರೆ ಬಿಸಿಲು ಓರೆಯಾಗಿ ಬಿದ್ದಾಗಷ್ಟೇ ಕಾಣುತ್ತವೆ.

‘ಚಾಲುಕ್ಯರ ರಾಣ್ಯಾರು ಆಡ್ತಿದ್ರು ನೋಡ್ರಿ’ ಎಂದು ಪ್ರವಾಸಿಗರ ಗುಂಪೊಂದಕ್ಕೆ ಯಾರೋ ಹೇಳುತ್ತಿದ್ದರು. ನನಗೆ ನಂಬಿಕೆ ಇಲ್ಲ. ಗುಡಿಗೆ ಸಾವಿರದ ಮುನ್ನೂರು ವರ್ಷ ಆಗಿದೆ ಅಂದಮಾತ್ರಕ್ಕೆ ಅದರ ನೆಲದ ಗೀರಿಗೂ ಅಷ್ಟೇ ವಯಸ್ಸು ಅನ್ನುವಂತಿಲ್ಲ. ಇದು ಅಯ್ಯಾವೊಳೆ ಐನೂರ್ವರ ಊರು, ದೇಶವೆಲ್ಲ ಸುತ್ತಿದ ವರ್ತಕರ ನೆಲೆ. ಮುಂದೆ ಗುಡಿಗಳೇ ಮನೆಗಳಾದವು. ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದೂ ಅದರಲ್ಲಿ ವಾಸವಿದ್ದವನಿಂದ. ಪುರಾತತ್ವ ಇಲಾಖೆಯ ಬೇಲಿ ಏಳುವವರೆಗೆ ಈ ನೆರಳಲ್ಲಿ ಕೂರದವರು ಯಾರು? ದನ ಬಿಟ್ಟು ಬಂದ ಹುಡುಗ ಒಂದು ಮೊನಚು ಕಲ್ಲು ಹಿಡಿದು ಮಧ್ಯಾಹ್ನವಿಡೀ ಕೆರೆದ ಎಂದುಕೊಳ್ಳುವುದೇ ನನಗೆ ಇಷ್ಟ. ರಾಣಿಗಾದರೆ ದಂತದ ಕಾಯಿ, ರೇಷ್ಮೆಯ ಹಾಸು ಇರುತ್ತಿತ್ತು. ಕಲ್ಲು ಕೆರೆಯುವ ಗರಜು ಅವಳಿಗೇನು?

ಆದರೆ ನಾನು ಬರೆಯಹೊರಟಿದ್ದು ಬೇಲಿಯೊಳಗಿನ ಕಲ್ಲಿನ ಬಗ್ಗೆ ಅಲ್ಲ, ಬೇಲಿಯಾಚೆ ಓಣಿಯಲ್ಲಿ ಕಂಡದ್ದರ ಬಗ್ಗೆ.

ಮನೆಯೊಂದರ ಕಟ್ಟೆಯ ಮೇಲೆ ಒಬ್ಬ ಆಯಿ, ಎದುರಿಗೆ ಹನ್ನೆರಡು ಹದಿಮೂರರ ಮೊಮ್ಮಗ. ನಡುವೆ ಹಾಸುಗಲ್ಲಿನ ಮೇಲೆ ಇದ್ದಿಲಿನಿಂದ ಬರೆದ ತ್ರಿಕೋನ. ಮೂರು ಹೆಂಚಿನ ಚೂರು, ಒಂದಿಷ್ಟು ಹುಣಸೆಬೀಜ. ಹುಡುಗನ ತೊಡೆಯ ಪಕ್ಕ ಮೊಬೈಲು ಬೋರಲಾಗಿ ಬಿದ್ದಿತ್ತು, ಚಾರ್ಜು ಮುಗಿದಿತ್ತು. ಆಟಕ್ಕೆ ಕೂತ ಕಾರಣವೂ ಅದೇ.

‘ಹುಲಿ-ಕುರೀನಾ ಆಯಿ?’ ಎಂದೆ.

‘ಹೌದು, ಕೂಡ್ರಿ. ಇವ್ನ ಹುಲಿ ಕಟ್ಟಿ ಹಾಕೇನಿ, ನೋಡ್ರಿಲ್ಲಿ’ ಎಂದರು. ಹುಡುಗ ಮುಖ ಗಂಟು ಹಾಕಿಕೊಂಡ. ಅವನ ಎರಡು ಹುಲಿಗಳು ಮೂಲೆಯಲ್ಲಿ ಸಿಕ್ಕಿದ್ದವು. ಮೂರನೆಯದಕ್ಕೆ ಒಂದೇ ದಾರಿ ಉಳಿದಿತ್ತು, ಅದೂ ಮುಂದಿನ ಸಲಕ್ಕೆ ಮುಚ್ಚಿತು.

ಆಟ ಗೊತ್ತಿದ್ದವರಿಗೆ ನೆನಪು ಮಾಡಲಷ್ಟೇ ಹೇಳುತ್ತೇನೆ. 23 ಬಿಂದುಗಳ ಮನೆ, 3 ಹುಲಿ, 15 ಕುರಿ. ಊರಿಂದ ಊರಿಗೆ ಲೆಕ್ಕ ಅಷ್ಟಿಷ್ಟು ಬದಲಾಗುತ್ತದೆ. ಕುರಿಯವನು ಒಂದೊಂದಾಗಿ ಕುರಿ ಇಡಬೇಕು. ಎಲ್ಲ ಇಟ್ಟು ಮುಗಿಯುವತನಕ ಒಂದನ್ನೂ ಸರಿಸುವಂತಿಲ್ಲ. ಹುಲಿ ಅಷ್ಟರಲ್ಲೇ ಓಡಾಡಿ, ಪಕ್ಕದ ಕುರಿಯ ಆಚೆಗೆ ಜಾಗ ಖಾಲಿ ಇದ್ದರೆ ಹಾರಿ ತಿನ್ನುತ್ತದೆ. ಹುಲಿಗಳು ಅಲ್ಲಾಡದಂತೆ ಮಾಡಿದರೆ ಕುರಿ ಗೆದ್ದಂತೆ.

ಹುಡುಗ ಯಾವಾಗಲೂ ಹುಲಿಯನ್ನೇ ಆಡುತ್ತಾನೆಯೇ ಎಂದು ಕೇಳಿದೆ. ಆಯಿ ಹೇಳಿದ ಮಾತು ಆವತ್ತಿನಿಂದ ತಲೆಯಿಂದ ಹೋಗಿಲ್ಲ: ‘ಸಣ್ಣಾವಿದ್ದಾಗ ಹುಲೀನ ಕೊಡ್ತಿದ್ದೆ. ಹುಲಿಗಿ ಹೊಟ್ಟಿ ಇದ್ರ ಸಾಕು, ಕುರಿಗಿ ತಲಿ ಬೇಕು. ಮುಂದ ಕುರಿ ಆಡ್ತೀನಿ ಅಂತ ಹಟ ಹಿಡದ. ಹದಿನೆಂಟು ಕುರಿ ಕೊಟ್ಟೆ. ಗೆಲ್ಲಾಕ ಹತ್ತಿದ ಮ್ಯಾಲ ಒಂದೊಂದ ಕುರಿ ಕಸಗೊಂಡೆ. ಈಗ ಹದಿನೈದಕ್ಕ ಬಂದಾನ. ಅದಕ್ಕ ಇವತ್ತ ಸೋತ ಸಿಟ್ಟಿಗೆ ವಾಪಸ್ ಹುಲಿ ಹಿಡದಾನ.’

ಕಲಿಯುವವನಿಗೆ ಸುಲಭದ ಪಕ್ಷ, ಆಮೇಲೆ ಕಷ್ಟದ ಪಕ್ಷಕ್ಕೆ ಮೂರು ಕುರಿ ಹೆಚ್ಚಿಗೆ, ಕಲಿತಂತೆಲ್ಲ ಒಂದೊಂದು ವಾಪಸ್. ವಿಡಿಯೊ ಗೇಮ್ ಮಾಡುವ ಕಂಪನಿಗಳು ಲಕ್ಷಾಂತರ ಡಾಲರ್ ಸುರಿದು ಹುಡುಕುವುದು ಇದನ್ನೇ. ಮೊದಲ ಸಲ ಹಿಡಿದವನು ಅಳಬಾರದು, ನುರಿತವನು ಆಕಳಿಸಬಾರದು.

ಹುಡುಗನನ್ನು ಅವನ ಮೊಬೈಲಿನ ಆಟದ ಬಗ್ಗೆ ಮಾತಿಗೆಳೆದೆ. ಬಿಜಿಎಂಐ. ಪಬ್‌ಜಿ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾದ ಮೇಲೆ ಮರುವರ್ಷ ಜುಲೈನಲ್ಲಿ ಹೆಸರು ಬದಲಿಸಿ ಬಂದದ್ದು. ಊರಿನ ದೊಡ್ಡ ಹುಡುಗರು ಆಡುವುದನ್ನು ನೋಡಿ ಕಲಿತನಂತೆ.

‘ಮೊದಲನೇ ದಿನಾನ ಚಿಕನ್ ಡಿನ್ನರ್ ಹೊಡದೇನ್ರಿ.’

‘ನಮ್ಮ ಮನ್ಯಾಗ ಅದರ ಹೆಸರ ತಗೀಬ್ಯಾಡ’ ಎಂದರು ಆಯಿ.

‘ಅದು ಊಟ ಅಲ್ಲ ಆಯಿ, ಗೆದ್ರ ಹಂಗ ಬರ್ತೈತಿ.’ ಆಮೇಲೆ ನನ್ನ ಕಡೆ ತಿರುಗಿ, ‘ಆದ್ರ ಆವಾಗ ಎಲ್ಲಾ ಬಾಟ್ ಇರ್ತಾವ್ರಿ. ನಿಂತಲ್ಲೇ ನಿಂತು ಎಲ್ಲೆಲ್ಲೋ ಗುಂಡು ಹಾರಸ್ತಾವ. ಹೊಸಬರಿಗೆ ಹುರುಪು ಬರ್ಲಿ ಅಂತ ಕಂಪನಿಯವ್ರ ಬಿಟ್ಟಿರ್ತಾರ.’

‘ಅದು ಗೊತ್ತಾದ ಮೇಲೆ?’

‘ಮಜಾ ಹೋತ್ರಿ.’

ಎರಡೂ ಕಡೆ ನಡೆದದ್ದು ಒಂದೇ, ಎಳೆಯನ ಕೈ ಹಿಡಿದದ್ದು. ಆದರೆ ಹದಿನೆಂಟು ಕುರಿ ಪಡೆದು ಗೆದ್ದದ್ದನ್ನು ಅವನು ಈಗಲೂ ಜಂಬದಿಂದ ಹೇಳುತ್ತಾನೆ, ಬಾಟ್ ಕೊಂದು ಗೆದ್ದದ್ದನ್ನು ಹೇಳುವಾಗ ದನಿ ಇಳಿಯುತ್ತದೆ. ಆಯಿ ಕೊಟ್ಟ ಮೂರು ಕುರಿ ಕಲ್ಲಿನ ಮೇಲೇ ಇದ್ದವು, ಇಬ್ಬರ ಕಣ್ಣೆದುರು. ಕಂಪನಿ ಕೊಟ್ಟದ್ದು ಬೆನ್ನ ಹಿಂದೆ.

ಈ ಮುಚ್ಚುಮರೆಯ ಸಹಾಯಕ್ಕೆ ವಿಡಿಯೊ ಗೇಮ್ ಲೋಕದಲ್ಲಿ ಉದ್ದ ಚರಿತ್ರೆಯಿದೆ. 1996ರ ಕ್ರ್ಯಾಶ್ ಬ್ಯಾಂಡಿಕೂಟ್‌ನಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸತ್ತರೆ ಆಟವೇ ಸದ್ದಿಲ್ಲದೆ ಒಂದು ರಕ್ಷೆಯ ಮುಖವಾಡ ಕೊಟ್ಟು ಕಳಿಸುತ್ತಿತ್ತು. 2005ರ ರೆಸಿಡೆಂಟ್ ಈವಿಲ್ 4 ಆಡುವವನ ಕೈ ನೋಡಿಕೊಂಡು ಒಳಗೊಳಗೇ ಶತ್ರುಗಳ ಬಿರುಸನ್ನು ಏರಿಸಿ ಇಳಿಸುತ್ತದೆ. ಮಾಡಿದವರ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ‘ನಿನಗೆ ಸುಲಭ ಮಾಡಿದ್ದೇವೆ’ ಎಂದು ಹೇಳಿದರೆ ಹಲವರಿಗೆ ಅವಮಾನವಾಗುತ್ತದೆ ಎನ್ನುತ್ತಾರೆ. ಅವಮಾನ ಆಗುವಂತೆ ಹೇಳಿದವರೂ ಅವರೇ ಅಲ್ಲವೇ? 1992ರ ವುಲ್ಫೆನ್‌ಸ್ಟೈನ್ 3ಡಿಯಲ್ಲಿ ಅತಿ ಸುಲಭದ ಹಂತ ಆರಿಸಿದರೆ ನಾಯಕನ ಮುಖಕ್ಕೆ ಕೂಸಿನ ಕುಲಾವಿ ತೊಡಿಸಿ, ಬಾಯಿಗೆ ರಬ್ಬರ್ ನಿಪ್ಪಲ್ ಇಟ್ಟು ತೋರಿಸುತ್ತಿದ್ದರು. ಅಪ್ಪನನ್ನು ‘ನಾನೂ ಆಡಲಾ’ ಎಂದು ಕೇಳುವ ಮಗುವಿನ ಮಾತೇ ಆ ಹಂತದ ಹೆಸರು. ಹೊಸಬನನ್ನು ಬಾಗಿಲಲ್ಲೇ ಅಣಕಿಸಿದ ಮೇಲೆ ಒಳಗೆ ಗುಟ್ಟಾಗಿ ಉಪಚಾರ ಮಾಡುವ ಪಾಡು ಬಂದೇ ಬರುತ್ತದೆ.

ನಮ್ಮಲ್ಲಿ ಇದಕ್ಕೆ ಬೇರೆಯೇ ಏರ್ಪಾಡಿತ್ತು. ಕುಂಟೆಬಿಲ್ಲೆಗೋ ಕಣ್ಣಾಮುಚ್ಚಾಲೆಗೋ ತಮ್ಮನನ್ನು ಬಿಟ್ಟು ಬರಬೇಡ ಎಂದು ಅವ್ವ ಕಟ್ಟಿ ಕಳಿಸಿದರೆ ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಔಟಾದರೂ ಔಟಿಲ್ಲ. ದೊಡ್ಡವರಾದ ಮೇಲೆ ಇದು ಬೈಗುಳದಂತೆ ಬಳಕೆಯಾಗುತ್ತದಾದರೂ ಓಣಿಯಲ್ಲಿ ಅದು ರಿಯಾಯಿತಿ, ಎಲ್ಲರೆದುರು ಕೂಗಿ ಹೇಳಿದ್ದು. 2007ರ ಸೂಪರ್ ಮಾರಿಯೊ ಗ್ಯಾಲಕ್ಸಿಯಲ್ಲಿ ನಿಂಟೆಂಡೊ ಹೆಚ್ಚುಕಡಿಮೆ ಇದನ್ನೇ ತಂದಿತು. ಅಕ್ಕ ಮಾರಿಯೊವನ್ನು ಓಡಿಸುತ್ತಿದ್ದರೆ ತಮ್ಮ ಇನ್ನೊಂದು ರಿಮೋಟು ಹಿಡಿದು ತೆರೆಯ ಮೇಲಿನ ನಕ್ಷತ್ರದ ಚೂರು ಹೆಕ್ಕುತ್ತಾನೆ; ಅವನಿಗೆ ಸೋಲೆಂಬುದೇ ಇಲ್ಲ. 2018ರ ಸೆಲೆಸ್ಟ್ ಬಹಳ ಕಠಿಣವಾದ ಬೆಟ್ಟ ಹತ್ತುವ ಆಟ. ಅದರಲ್ಲಿ ವೇಗವನ್ನು ಅರ್ಧದವರೆಗೆ ಇಳಿಸಬಹುದು, ಆಯಾಸವೇ ಆಗದಂತೆ ಮಾಡಿಕೊಳ್ಳಬಹುದು, ಸಾವನ್ನೇ ತೆಗೆದುಹಾಕಬಹುದು. ಎಲ್ಲವೂ ಮೆನುವಿನಲ್ಲಿ ಬಹಿರಂಗ. ನನಗೆ ಆ ಆಟದ ಬೆಟ್ಟಕ್ಕಿಂತ ಮೆನುವೇ ಹೆಚ್ಚು ಹಿಡಿಸಿತು.

ಹುಲಿ-ಕುರಿಗೆ ಮರಳಬೇಕು, ಅದು ನನ್ನನ್ನು ಬಿಡುವುದಿಲ್ಲ. ಚದುರಂಗದಲ್ಲಿ ಎರಡೂ ಕಡೆ ಸಮ ಸೈನ್ಯ. ಬಲ್ಲವನು ಎಲ್ಲಿ ಕೂತರೂ ಬಲ್ಲವನೇ. ಹುಲಿ-ಕುರಿಯಲ್ಲಿ ಎರಡು ಪಕ್ಷಕ್ಕೂ ಎರಡು ಬೇರೆ ಬುದ್ಧಿ ಬೇಕು. ಹುಲಿಗೆ ಕಣ್ಣು ಚುರುಕಿದ್ದರೆ ಆಯಿತು, ಖಾಲಿ ಜಾಗ ಕಂಡ ಕೂಡಲೇ ಹಾರುವುದು. ಕುರಿಯವನು ಮಾತ್ರ ಇಟ್ಟ ಪ್ರತಿ ಬೀಜದ ಬೆನ್ನಿಗೂ ಇನ್ನೊಂದು ಬೀಜ ಅಥವಾ ಮನೆಯ ಅಂಚು ಇರುವಂತೆ ನೋಡಿಕೊಳ್ಳಬೇಕು. ಅಂಚಿನಿಂದ ಕಟ್ಟುತ್ತಾ ಬರಬೇಕು. ಒಂದೆರಡು ಕುರಿ ಹೋದರೂ ಗಾಬರಿಯಾಗಬಾರದು. ಕೆಲವೊಮ್ಮೆ ಬೇಕೆಂದೇ ಒಂದನ್ನು ತಿನ್ನಿಸಿ, ತಿಂದ ಹುಲಿಯನ್ನು ಮೂಲೆಗೆ ಎಳೆಯಬೇಕು. ಆಯಿ ಎರಡು ಸಲ ಅದನ್ನೇ ಮಾಡಿದರು. ಹುಡುಗ ಎರಡು ಸಲವೂ ತಿಂದ.

ಇಷ್ಟು ಏರುಪೇರಿನ ಪಕ್ಷಗಳ ನಡುವೆ ತೂಕ ಸರಿಯಿರುತ್ತದೆಯೇ? ನೇಪಾಳದಲ್ಲಿ ಇದರ ದಾಯಾದಿ ಇದೆ, ಬಾಘ್ ಚಾಲ್. ಐದಕ್ಕೈದು ಬಿಂದುಗಳ ಚೌಕ, 4 ಹುಲಿ, 20 ಆಡು. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಅದರ ಹಿಂದೆ ಬಿದ್ದು, ಇಬ್ಬರೂ ಎಲ್ಲಿಯೂ ತಪ್ಪದೆ ಆಡಿದರೆ ಯಾರೂ ಗೆಲ್ಲುವುದಿಲ್ಲ ಎಂದು ಲೆಕ್ಕಹಾಕಿ ತೋರಿಸಿದರು. 2009ರಲ್ಲಿ ಅದು ಪ್ರಕಟವಾಯಿತು. ಹೆಸರಿಲ್ಲದ ಯಾರೋ ಬೆಟ್ಟದ ಮಂದಿ ಆಡಿ ಆಡಿಯೇ ತೂಗಿದ ತಕ್ಕಡಿ ಕಂಪ್ಯೂಟರಿನಲ್ಲೂ ಸಮ ನಿಂತಿತು. ನಮ್ಮ ತ್ರಿಕೋನದ ಆಟ ಬೇರೆ, ಆ ಫಲಿತಾಂಶ ಇದಕ್ಕೆ ಅನ್ವಯಿಸದು. ಹುನಗುಂದದ ಯಾವುದಾದರೂ ಕಾಲೇಜಿನ ಕಂಪ್ಯೂಟರ್ ವಿಭಾಗದವರು ಕೈಹಾಕಿದರೆ ಒಳ್ಳೆಯ ಪ್ರಾಜೆಕ್ಟು. ಆಯಿಯನ್ನು ಕೇಳಿದರೆ ಉತ್ತರ ಈಗಲೇ ಸಿಗುತ್ತದೆ, ಕುರಿಯೇ ಮೇಲು ಎನ್ನುತ್ತಾರೆ.

ಚರಿತ್ರೆ ಬಯಸುವವರಿಗೆ ಎರಡು ಮಾತು. ಕವಡೆಯ ಪಚೀಸಿ ಇಂಗ್ಲೆಂಡಿಗೆ ಹೋಗಿ 1896ರಲ್ಲಿ ಲೂಡೊ ಎಂಬ ಪೇಟೆಂಟಾಯಿತು. ಅದೇ ಮತ್ತೆ ನಮ್ಮ ಮೊಬೈಲುಗಳಿಗೆ ಮರಳಿದೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳ ಹುಚ್ಚು ಹಿಡಿಸಿಕೊಂಡು ಹೊಸಹೊಸ ಆಟ ಕಟ್ಟಿದರು. ಅವರ ಆಟಗಳನ್ನು ಕಂಡಾಗ ಬೆರಗಾಗುತ್ತದೆ ನಿಜ, ಆದರೆ ಆಡೋಣ ಅನ್ನಿಸುವುದು ಕಡಿಮೆ. ದೊರೆಗೆ ಬಿಡುವೂ ಇತ್ತು, ಬುದ್ಧಿಯೂ ಇತ್ತು; ಏಳು ವರ್ಷದ ಹುಡುಗಿಯೊಂದಿಗೆ ಕೂತು ಆಡುವ ದರ್ದು ಇರಲಿಲ್ಲ.

ಆ ದರ್ದು ಇದ್ದವರು ಮಾಡಿಕೊಂಡದ್ದು ಚೌಕಾಬಾರಾ. ಲೂಡೊ ಬಂದು ಒಂದು ಸೊಗಸನ್ನು ಕೆಡಿಸಿತು ಎಂದು ನನ್ನ ತಕರಾರು. ದಾಳದಲ್ಲಿ ಒಂದರಿಂದ ಆರರವರೆಗೆ ಎಲ್ಲ ಅಂಕಿಗೂ ಸಮ ಅವಕಾಶ. ನಾಲ್ಕು ಕವಡೆ ಎಸೆದರೆ ಹಾಗಲ್ಲ. ಅಂಗಾತ, ಬೋರಲು ಎರಡಕ್ಕೂ ಸಮಪಾಲು ಎಂದುಕೊಂಡರೆ, ಬೀಳುವ 16 ಬಗೆಗಳಲ್ಲಿ 6 ಸಲ ಎರಡು ಬರುತ್ತದೆ. ನಾಲ್ಕಕ್ಕೆ ಒಂದೇ ಬಗೆ, ಎಂಟಕ್ಕೆ ಒಂದೇ. ಹಾಗಾಗಿ ಅಪರೂಪದ ಆ ನಾಲ್ಕಕ್ಕೂ ಎಂಟಕ್ಕೂ ಮತ್ತೊಂದು ಆಟ ಇನಾಮು. ಸಣ್ಣ ಹುಡುಗಿಗೆ ಗರ ಬಿದ್ದರೆ ಅಜ್ಜನ ಕಾಯಿಯೂ ಮನೆಗೆ ಹೋಗುತ್ತದೆ, ಅಷ್ಟರಮಟ್ಟಿಗೆ ಎಲ್ಲರೂ ಸಮ. ಆಡುತ್ತಾ ಹೋದಂತೆ ಮಾತ್ರ ಅವಳಿಗೆ ತಾನಾಗಿಯೇ ತಿಳಿಯುತ್ತದೆ, ವೈರಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದು ಅಪಾಯ, ನಾಲ್ಕು ಮನೆ ಮುಂದಾದರೆ ಕೊಂಚ ನೆಮ್ಮದಿ. ಶಾಲೆಯಲ್ಲಿ ಸಂಭವನೀಯತೆ ಬರುವ ಎಷ್ಟೋ ಮೊದಲು ಅದು ಕೈಗೆ ಬಂದಿರುತ್ತದೆ. ಮಾರಿಯೊ ಕಾರ್ಟ್‌ನಲ್ಲಿ ಹಿಂದೆ ಬಿದ್ದವರಿಗೆ ಬಲವಾದ ಆಯುಧ ಸಿಗುತ್ತದೆ, ಮುಂದಿದ್ದವರಿಗೆ ಬಾಳೆಹಣ್ಣಿನ ಸಿಪ್ಪೆ. ಅದೂ ಅಣ್ಣ-ತಂಗಿಯನ್ನು ಒಂದೇ ಸೋಫಾದಲ್ಲಿ ಕೂರಿಸಿದ ಉಪಾಯವೇ. ಆದರೂ ಹಂಚುವವರು ಯಂತ್ರ. ಕವಡೆಯಾದರೆ ಯಾರ ಪಕ್ಷವೂ ಅಲ್ಲ.

ಇನ್ನೊಂದು ಸಂಗತಿ ಆವತ್ತು ಸಂಜೆ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳುತ್ತಾ ನಿಂತಾಗ ಹೊಳೆಯಿತು. ಗುಡಿಯ ಜಗಲಿಯ ಆ ಗುಳಿಗಳನ್ನು ನಾನು ನೋಡಿದ್ದಕ್ಕಿಂತ ಮುಟ್ಟಿದ್ದೇ ಹೆಚ್ಚು. ಅಳಗುಳಿಮಣೆಯ 14 ಗುಳಿಗಳು ಬೆರಳಿಗೆ ಸಿಗುತ್ತವೆ, ಬೀಜ ಎಷ್ಟಿವೆ ಎಂದು ಬೆರಳೇ ಎಣಿಸುತ್ತದೆ. ಕವಡೆಯ ಬಾಯಿ ಮೇಲಿದೆಯೋ ಕೆಳಗಿದೆಯೋ ಸವರಿದರೆ ಗೊತ್ತು. ಕಣ್ಣು ಕಾಣದವರು ಆಡಲು ಮಣೆಗೆ ಏನನ್ನೂ ಸೇರಿಸಬೇಕಿಲ್ಲ. ವಿಡಿಯೊ ಗೇಮ್ ಅಲ್ಲಿಗೆ ತಲುಪಿದ್ದು ಈಚೆಗೆ. ಕೈ ಸರಿಯಾಗಿ ಆಡದವರಿಗೆಂದು ಮೈಕ್ರೋಸಾಫ್ಟ್ 2018ರಲ್ಲಿ ಎರಡು ದೊಡ್ಡ ಗುಂಡಿಗಳ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂದಿತು. ಕಾಲಿನಲ್ಲಿ, ಮೊಣಕೈಯಲ್ಲಿ ಒತ್ತುವ ಸ್ವಿಚ್ಚುಗಳನ್ನೂ ಅದಕ್ಕೆ ಜೋಡಿಸಬಹುದು. 2020ರ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2ರಲ್ಲಿ ಅರುವತ್ತಕ್ಕೂ ಹೆಚ್ಚು ಇಂಥ ಅನುಕೂಲಗಳಿದ್ದವು. ದೃಷ್ಟಿ ಇಲ್ಲದವರು ಸದ್ದನ್ನೇ ಹಿಡಿದು ಅದನ್ನು ಕೊನೆಯವರೆಗೆ ಆಡಿದರು.

ಅಳಗುಳಿಮಣೆಯನ್ನೂ ಮೊಬೈಲಿಗೆ ಇಳಿಸಿದ್ದಾರೆ. ನಾನು ಆಡಿ ನೋಡಿದವುಗಳಲ್ಲಿ ಬಣ್ಣ, ಸಂಗೀತ ಎಲ್ಲ ಇತ್ತು, ಗುಳಿ ಇರಲಿಲ್ಲ. ನುಣ್ಣನೆಯ ಗಾಜು. ಬೆರಳು ಗುಳಿಗೆ ಬಂದಾಗ ಫೋನು ತುಸು ಅದುರಬೇಕು, ಬೀಜ ಎಷ್ಟೆಂದು ಕನ್ನಡದಲ್ಲಿ ಹೇಳಬೇಕು, ಎದುರಾಳಿ ಎಲ್ಲಿಂದ ಎತ್ತಿ ಎಲ್ಲಿಯವರೆಗೆ ಹಾಕಿದ ಎಂಬುದು ಕಿವಿಗೆ ಎಡದಿಂದ ಬಲಕ್ಕೆ ಸಾಗುವ ಸದ್ದಾಗಿ ಕೇಳಬೇಕು. ಇದರಲ್ಲಿ ಯಾವುದೂ ಈಗ ಸಾಧ್ಯವಿಲ್ಲದ ತಂತ್ರವಲ್ಲ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ 1997ರಿಂದ ಹೊರದೇಶದ ದೊಡ್ಡ ಆಟಗಳಿಗೆ ದುಡಿದು, 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು; ಕೆಲಸ ಬಲ್ಲವರಿಗೆ ಈ ರಾಜ್ಯದಲ್ಲಿ ಬರವಿಲ್ಲ. ಎಣಿಸಿ ಹೇಳುವ ದನಿ ಮಾತ್ರ ಈ ಕಡೆಯವರದ್ದೇ ಆಗಿರಲಿ ಎಂದು ನನ್ನ ಬೇಡಿಕೆ. ಬರಿದಾದ ಗುಳಿಗೆ ಬೆರಳಿಟ್ಟಾಗ ‘ಶೂನ್ಯ’ ಎನ್ನುವುದಕ್ಕಿಂತ ‘ಇಲ್ಲೇನೂ ಇಲ್ರಿ, ಮುಂದ ನಡೀರಿ’ ಎಂದರೆ ಆಟ ನಿಲ್ಲಿಸಲು ಯಾರಿಗೆ ಮನಸ್ಸು ಬಂದೀತು?