ಕೆಂಪು ಟೋಪಿಯಿಲ್ಲದ ಕಥೆ

ಕೆಂಪು ಟೋಪಿಯ ಹುಡುಗಿ ಅಜ್ಜಿಗೆ ತಿಂಡಿ ಒಯ್ಯುವಾಗ ತೋಳದ ಮೋಸಕ್ಕೆ ಸಿಲುಕಿದ ಕಥೆಯನ್ನು ನಮ್ಮಲ್ಲಿಯೂ ಕೇಳದವರು ವಿರಳ. ಮನೋವಿಶ್ಲೇಷಕ ಎರಿಕ್ ಫ್ರಾಮ್ 1951ರಲ್ಲಿ ಇದಕ್ಕೊಂದು ಚಮತ್ಕಾರದ ಅರ್ಥವನ್ನು ಹೇಳಿದರು. ಕೆಂಪು ಟೋಪಿ ಹುಡುಗಿ ಋತುಮತಿಯಾದ ಕುರುಹು. ಹಾದಿ ಬಿಟ್ಟರೆ ಸೀಸೆ ಒಡೆದೀತೆಂಬ ತಾಯಿಯ ಮಾತು ಕನ್ಯತ್ವವನ್ನು ಕುರಿತ ಎಚ್ಚರಿಕೆ. ಕೇಳಲು ಸೊಗಸಾಗಿಯೇ ಇದೆ. ಆದರೆ ಫ್ರಾನ್ಸಿನ ರೈತರು ಹೇಳಿಕೊಂಡು ಬಂದ ಕಥೆಯಲ್ಲಿ ಟೋಪಿಯೂ ಇಲ್ಲ, ಆ ಎಚ್ಚರಿಕೆಯೂ ಇಲ್ಲ! ಟೋಪಿ ತೊಡಿಸಿದವನು 1697ರಲ್ಲಿ ಕಥೆಯನ್ನು ಅಚ್ಚು ಹಾಕಿಸಿದ ಷಾರ್ಲ್ ಪೆರೋ. ತಾಯಿಯ ಮಾತು 1812ರ ಗ್ರಿಮ್ ಸಹೋದರರ ಜರ್ಮನ್ ಪುಸ್ತಕದ್ದು.

ಅಮೆರಿಕದ ಇತಿಹಾಸಕಾರ ರಾಬರ್ಟ್ ಡಾರ್ನ್‌ಟನ್ 1984ರ ತಮ್ಮ ಗ್ರಂಥದಲ್ಲಿ ಎತ್ತಿದ ಆಕ್ಷೇಪವಿದು. ರೈತರ ಪಾಠ ಮಕ್ಕಳ ಪುಸ್ತಕಕ್ಕೆ ಒಗ್ಗುವಂಥದಲ್ಲ. ಸೂಜಿಯ ಹಾದಿ ಹಿಡಿಯುವೆಯೋ ಗುಂಡುಸೂಜಿಯ ಹಾದಿಯೋ ಎಂದು ತೋಳ ಕೇಳುತ್ತದೆ. ತಾನು ಮುಂಚೆ ತಲುಪಿ ಅಜ್ಜಿಯನ್ನು ಕೊಂದು ಮಾಂಸವನ್ನು ತಟ್ಟೆಯಲ್ಲಿಡುತ್ತದೆ. ಸೀಸೆ ಇಲ್ಲಿಯೂ ಉಂಟು, ಅದರಲ್ಲಿರುವುದು ರಕ್ತ. ಹುಡುಗಿ ಅರಿಯದೆ ಅದನ್ನುಣ್ಣುತ್ತಾಳೆ. ಕೊನೆಗೆ ತಾನೂ ತೋಳಕ್ಕೆ ಆಹಾರವಾಗುತ್ತಾಳೆ.

ಈಕೆ ಮಾಡಿದ ತಪ್ಪೇನು? ಏನೂ ಇಲ್ಲ. ಡಾರ್ನ್‌ಟನ್ನರಿಗೆ ಮುಖ್ಯವಾದದ್ದು ಇದೇ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧದಷ್ಟು 10 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಅಲ್ಲಿ ವಿಪತ್ತು ಕಾರಣ ಕೇಳಿ ಬರುತ್ತಿರಲಿಲ್ಲ.

ಮಾನವಶಾಸ್ತ್ರಜ್ಞೆ ಇವೋನ್ ವೆರ್ದಿಯೆ ಅದೇ ಊಟದಲ್ಲಿ ಬೇರೊಂದನ್ನು ಕಂಡರು. ಬರ್ಗಂಡಿಯ ಮಿನೋ ಗ್ರಾಮದ ಹೆಂಗಸರ ಬದುಕನ್ನು ಹತ್ತಿರದಿಂದ ಬಲ್ಲವರು ಅವರು. ಹಳ್ಳಿಗಳಲ್ಲಿ 15ರ ಆಸುಪಾಸಿನ ಹುಡುಗಿಯರನ್ನು ಒಂದು ಚಳಿಗಾಲ ಹೊಲಿಗೆಯವಳ ಬಳಿ ಬಿಡುವ ವಾಡಿಕೆಯಿತ್ತು. ಗುಂಡುಸೂಜಿ ಕನ್ಯಾವಸ್ಥೆಯ ಕುರುಹಾಗಿತ್ತು. ಮೊಮ್ಮಗಳು ಅಜ್ಜಿಯನ್ನುಣ್ಣುವುದೆಂದರೆ ಮುದುಕಿಯ ಸ್ಥಾನಕ್ಕೆ ಹರೆಯದವಳು ಬರುವುದು ಎಂಬುದು 1978ರ ಅವರ ಲೇಖನದ ವಾದ. ಸೂಜಿಗಳ ಮಟ್ಟಿಗೆ ನನಗೆ ಇದೇ ಹೆಚ್ಚು ಒಪ್ಪಿಗೆ. ಇತಿಹಾಸಕಾರರು ಅವನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ.

ಇಬ್ಬರಿಗೂ ಒಂದು ತೊಡಕುಂಟು. ಈ ಕಥೆಗಳಲ್ಲಿ ಬಹುಪಾಲು ಬರಹಕ್ಕೆ ಇಳಿದದ್ದು 1870ರಿಂದ 1914ರ ನಡುವೆ. ಬಾಯಿಮಾತಿನ ಕಥೆಯ ವಿವರ ಬದಲಾದರೂ ಚೌಕಟ್ಟು ತಲೆಮಾರುಗಳ ಕಾಲ ಉಳಿಯುತ್ತದೆ ಎಂಬ ನಂಬಿಕೆಯ ಮೇಲೆಯೇ ಡಾರ್ನ್‌ಟನ್ನರ ವಾದ ನಿಂತಿದೆ. ಅಂತ್ಯ ಚೌಕಟ್ಟಿಗೆ ಸೇರಿದ್ದೋ ವಿವರಕ್ಕೋ? ದೊರೆತ 35 ಪಾಠಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ತೋಳ ಹುಡುಗಿಯನ್ನು ನುಂಗುತ್ತದೆಂದು ಅವರೇ ಲೆಕ್ಕ ಕೊಡುತ್ತಾರೆ. 1885ರ ಸುಮಾರಿಗೆ ನಿವೆರ್ನೆ ಪ್ರಾಂತದಲ್ಲಿ ಬರೆದುಕೊಂಡ ಪಾಠದಲ್ಲಾದರೋ ಹುಡುಗಿ ಬಯಲಿಗೆ ಹೋಗಬೇಕೆಂದು ನೆಪ ಹೇಳುತ್ತಾಳೆ. ತನ್ನ ಕಾಲಿಗೆ ಬಿಗಿದ ಉಣ್ಣೆಯ ದಾರವನ್ನು ಅಂಗಳದ ಪ್ಲಮ್ ಮರಕ್ಕೆ ಕಟ್ಟಿ ಮನೆಗೆ ಓಡಿಬಿಡುತ್ತಾಳೆ.