ಒಬ್ಬರು ಕೆಲಸ ಬದಲಿಸಿಕೊಂಡರೆ ಪಕ್ಕದವರಿಗೇನಾಗುತ್ತದೆ?



ಬೆಳಗಿನ ಜಾವ ತಿಲಕ್ ನಗರದ ಮನೆಬಾಗಿಲಿಗೆ ಬರುವ ಹಾಲಿನ ಪೊಟ್ಟಣ ಎಷ್ಟು ಕೈ ದಾಟಿ ಬಂದಿರುತ್ತದೆಂದು ತಾವು ಬಲ್ಲಿರಿ. ಆ ಬಡಾವಣೆಗೆ ಸಮೀಪದ ಬೆಂಗಳೂರು ಡೇರಿ 1965ರಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾಯಿತು. ಅಂಥ ಡೇರಿಗೆ ಹಾಲು ತಲುಪುವ ಮೊದಲು ಹಳ್ಳಿಯ ಸಂಘದಲ್ಲಿ ಕಾರ್ಯದರ್ಶಿ, ಹಾಲು ಪರೀಕ್ಷಕರು, ಸಹಾಯಕರು ಎರಡು ಹೊತ್ತೂ ದುಡಿದಿರುತ್ತಾರೆ. ಇವರಲ್ಲಿ ಒಬ್ಬರು ತಮ್ಮ ಕೆಲಸವನ್ನು ತಾವೇ ಮಾರ್ಪಡಿಸಿಕೊಂಡರೆ ಉಳಿದವರ ಗತಿಯೇನು ಎಂಬುದನ್ನು ಇಲ್ಲಿ ನೋಡೋಣ.

ನೌಕರರು ಹೀಗೆ ಮಾಡುವುದಕ್ಕೆ ಅಮೆರಿಕದ ಏಮಿ ರೆಜ್‌ನೆಸ್ಕಿ ಮತ್ತು ಜೇನ್ ಡಟನ್ ಎಂಬ ವಿದ್ವಾಂಸರು 2001ರಲ್ಲಿ ‘ಜಾಬ್ ಕ್ರಾಫ್ಟಿಂಗ್’ ಎಂಬ ಹೆಸರು ಕೊಟ್ಟರು. ಆಸ್ಪತ್ರೆಯೊಂದರ ಶುಚಿ ಸಿಬ್ಬಂದಿಯಲ್ಲಿ ಕೆಲವರು ರೋಗಿಗಳನ್ನು ಮಾತನಾಡಿಸಿ ಸಮಾಧಾನ ಹೇಳುವುದನ್ನೂ ತಮ್ಮ ಕೆಲಸವೆಂದೇ ತಿಳಿದಿದ್ದುದನ್ನು ಅವರು ಗಮನಿಸಿದ್ದರು. ಹೆಸರು ಹೊಸದು ಅಷ್ಟೆ; ನಮ್ಮ ಸಂಘಗಳಲ್ಲಿ ಈ ಪದ್ಧತಿ ಮೊದಲಿನಿಂದಲೂ ಇದೆ.

ಒಂದು ಸಂಘವನ್ನು ಊಹಿಸಿಕೊಳ್ಳಿ. ಅಲ್ಲಿನ ಹಾಲು ಪರೀಕ್ಷಕರಿಗೆ ರಾಸುಗಳ ಬಗ್ಗೆ ಬಹಳ ಆಸಕ್ತಿ. ಜಿಡ್ಡಿನಂಶ ಕಡಿಮೆ ಬಂದ ಸದಸ್ಯರನ್ನು ನಿಲ್ಲಿಸಿಕೊಂಡು “ಒಣಮೇವು ಎಷ್ಟು ಹಾಕ್ತೀರಿ? ಖನಿಜ ಮಿಶ್ರಣ ಕೊಡ್ತಿದ್ದೀರಾ?” ಎಂದು ವಿಚಾರಿಸುತ್ತಾರೆ. ಉತ್ಪಾದಕರಿಗೆ ಇದು ಲಾಭವೇ. ಆದರೆ ಸರತಿ ಸಾಲು ನಿಧಾನವಾಗುತ್ತದೆ, ಕ್ಯಾನು ತುಂಬುವುದು ತಡವಾಗುತ್ತದೆ. ಅಷ್ಟರಲ್ಲಿ ವಾಹನ ಬಂದರೆ ಸಹಾಯಕರೊಬ್ಬರೇ 40 ಲೀಟರಿನ ಕ್ಯಾನುಗಳನ್ನು ಅವಸರದಲ್ಲಿ ಎತ್ತಬೇಕು. ಕರೆದ ಹಾಲನ್ನು ಬೇಗ 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡದಿದ್ದರೆ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಹಾಲು ಹುಳಿಯಾದ ದಿನ ಮಾತು ಕೇಳಬೇಕಾದವರು ಮಾತ್ರ ಸಹಾಯಕರು! ಅದೇ ಪರೀಕ್ಷಕರು ಹಾಲು ಶೇಖರಣೆ ಮುಗಿದ ಮೇಲೆ ಕೊಟ್ಟಿಗೆಗೇ ಹೋಗಿ ಸಲಹೆ ಕೊಟ್ಟರೆ ಯಾರಿಗೂ ಹೊರೆಯಿಲ್ಲ.

ಇದಕ್ಕಿಂತ ತೊಂದರೆಯದು, ಬೇಡವಾದ ಕೆಲಸವನ್ನು ಸದ್ದಿಲ್ಲದೆ ಕೈಬಿಡುವುದು. ಪಾತ್ರೆ ತೊಳೆಯುವುದು, ಸದಸ್ಯರ ತಕರಾರು ಕೇಳುವುದು, ಬಟವಾಡೆ ಪಟ್ಟಿ ಬರೆಯುವುದು ಯಾರಿಗೂ ಇಷ್ಟವಿಲ್ಲ. ಒಬ್ಬರು ಬಿಟ್ಟರೆ ಅದು ಮಾಯವಾಗುವುದಿಲ್ಲ, ಪಕ್ಕದವರ ತಲೆಗೆ ಬರುತ್ತದೆ. ನೆದರ್ಲೆಂಡ್ಸ್‌ನ ಮಾರಿಯಾ ಟಿಮ್ಸ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡುಬಂತು: ಒಬ್ಬರು ತಮಗೆ ಕಿರಿಕಿರಿಯೆನಿಸುವ ಕೆಲಸ ತಗ್ಗಿಸಿಕೊಂಡಲ್ಲಿ ಜೊತೆಗಾರರ ಹೊರೆ ಮತ್ತು ಮನಸ್ತಾಪ ಹೆಚ್ಚಾಗಿದ್ದವು.

ಹಾಗೆಂದು ಸಿಬ್ಬಂದಿಯನ್ನು ಕಟ್ಟಿಹಾಕುವುದು ಸರಿಯಲ್ಲ. ಚಿಕ್ಕ ಸಂಘದ ಸಂಬಳಕ್ಕೆ ನಸುಕಿನಲ್ಲೇ ಎದ್ದು ಬರುವವರಿಗೆ ಕೆಲಸದ ಮೇಲಿನ ಪ್ರೀತಿಯೇ ದೊಡ್ಡ ಆಧಾರ. ಅಮೆರಿಕದ ಶಿಶುಪಾಲನಾ ಕೇಂದ್ರಗಳ ಬಗ್ಗೆ 2009ರಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, ಶಿಕ್ಷಕಿಯರು ಕೂಡಿ ಮಾತನಾಡಿಕೊಂಡು ಕೆಲಸದ ರೀತಿ ಬದಲಿಸಿದಲ್ಲಿ ಮಕ್ಕಳ ಆರೈಕೆ ಉತ್ತಮವಾಗಿತ್ತು. ಅನುಭವ ಕಡಿಮೆಯಿದ್ದವರಿಗೆ ಇದರಿಂದ ಹೆಚ್ಚು ಪ್ರಯೋಜನವಾಗಿತ್ತು.

ಆದ್ದರಿಂದ ಆಡಳಿತ ಮಂಡಳಿಯವರು ಸಿಬ್ಬಂದಿಯ ಹೊಸ ಏರ್ಪಾಡಿಗೆ ಒಪ್ಪಿಗೆ ಕೊಡುವ ಮುನ್ನ, ಬಿಟ್ಟ ಕೆಲಸ ಯಾರ ಪಾಲಿಗೆ ಬಿತ್ತು, ಅವರು ಒಪ್ಪಿದ್ದಾರೆಯೇ ಎಂದು ವಿಚಾರಿಸಿ, ನಡಾವಳಿ ಪುಸ್ತಕದಲ್ಲಿ ಬರೆದಿಡಲಿ. ಕಾರ್ಯದರ್ಶಿಯವರನ್ನು ಮಾತ್ರ ಕೇಳಿದರೆ ಸಾಲದು. ಕ್ಯಾನು ತೊಳೆಯುವವರನ್ನೂ ಆ ದಿನ ಸಭೆಗೆ ಕರೆದು, ಕುರ್ಚಿ ಕೊಟ್ಟು ಕೂರಿಸಿ ಕೇಳಿ.